ಕಾರಿನ ಎಂಜಿನ್ ಆಯಿಲ್ ಎಲ್ಲಿ ಬದಲಾಯಿಸಬೇಕು: ಮೂರು ಬಗೆಯ ಜಾಗಗಳ ದೀರ್ಘಕಾಲದ ಅನುಭವ

ಎಂಜಿನ್ ಆಯಿಲ್ ಬದಲಾವಣೆಗೆಂದು ನಾನು ಹಲವು ವರ್ಷಗಳಿಂದ ಮೂರು ಬಗೆಯ ಜಾಗಗಳನ್ನು ಬಳಸುತ್ತ ಬಂದಿದ್ದೇನೆ: ಕಾರು ತಯಾರಕರ ಅಧಿಕೃತ ಸರ್ವೀಸ್ ಸೆಂಟರ್, ಆಯಿಲ್ ಬದಲಾವಣೆಯನ್ನೇ ಮುಖ್ಯ ಕೆಲಸವಾಗಿ ಮಾಡುವ ತ್ವರಿತ ಸೇವಾ ಕೇಂದ್ರ, ಮತ್ತು ಒಬ್ಬಿಬ್ಬರು ಮೆಕ್ಯಾನಿಕ್‌ಗಳೇ ನಡೆಸುವ ಹೊರಗಿನ ಗ್ಯಾರೇಜ್. ಮೊದಲಿಗೆ ಒಂದು ಪೆಟ್ರೋಲ್ ಕಾರಿತ್ತು, ಆಮೇಲೆ ಡೀಸೆಲ್ ಕಾರೊಂದು ಸೇರಿತು. ಎರಡಕ್ಕೂ ಈ ಮೂರೂ ಕಡೆ ಕೆಲಸ ಮಾಡಿಸಿದ್ದೇನೆ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ವಾರಂಟಿ ಮುಗಿದ ಕಾರಿಗೆ, ಪಕ್ಕದಲ್ಲಿ ನಿಂತು ಕೆಲಸ ನೋಡಲು ಅಡ್ಡಿಪಡಿಸದ ಹೊರಗಿನ ಗ್ಯಾರೇಜೇ ಒಳ್ಳೆಯದು. ವಾರಂಟಿ ಇರುವ ತನಕ ಅಧಿಕೃತ ಸೆಂಟರ್ ಬಿಟ್ಟು ಹೋಗುವುದು ಬೇಡ. ತ್ವರಿತ ಕೇಂದ್ರವನ್ನು ನಾನು ಕಾಯಂ ಜಾಗವಾಗಿ ಯಾರಿಗೂ ಸೂಚಿಸುವುದಿಲ್ಲ.

ಈ ಅಭಿಪ್ರಾಯಕ್ಕೆ ಬರಲು ಕಾರಣ ಕೆಲಸದ ಸ್ವಭಾವದಲ್ಲೇ ಇದೆ. ಬ್ರೇಕ್ ಸರಿಯಾಗಿ ಕೂಡಿಸದಿದ್ದರೆ ಮೊದಲ ತಿರುವಿನಲ್ಲೇ ಕಾಲಿಗೆ ಗೊತ್ತಾಗುತ್ತದೆ. ಟೈರಿನ ಗಾಳಿ ಹೆಚ್ಚುಕಡಿಮೆಯಾದರೆ ಸ್ಟೀರಿಂಗ್ ಹೇಳುತ್ತದೆ. ಆಯಿಲ್ ವಿಷಯ ಹಾಗಲ್ಲ. ತಪ್ಪು ದರ್ಜೆಯ ಆಯಿಲ್ ಹಾಕಿದರೂ, ಹಳೆಯ ಫಿಲ್ಟರನ್ನು ಒರೆಸಿ ಹಾಗೆಯೇ ಬಿಟ್ಟರೂ ಕಾರು ತಿಂಗಳುಗಟ್ಟಲೆ ಮೊದಲಿನಂತೆಯೇ ಓಡುತ್ತದೆ, ಮತ್ತು ತೊಂದರೆ ಕಾಣಿಸಿಕೊಳ್ಳುವ ಹೊತ್ತಿಗೆ ಅದಕ್ಕೂ ಆ ದಿನದ ಕೆಲಸಕ್ಕೂ ಸಂಬಂಧ ಕಲ್ಪಿಸಲು ಯಾರಿಂದಲೂ ಆಗುವುದಿಲ್ಲ. ಹೀಗಾಗಿ ಪರಿಶೀಲಿಸಲು ಸಿಗುವ ಅವಕಾಶ ಒಂದೇ: ಕೆಲಸ ನಡೆಯುತ್ತಿರುವ ಆ ಅರ್ಧ ಗಂಟೆ. ಬೋರ್ಡಿನ ಮೇಲಿನ ಹೆಸರು, ಕಾಯುವ ಕೋಣೆಯ ತಂಪು, ಬಿಲ್ಲಿನ ಮೊತ್ತ ಇವೆಲ್ಲ ಅದರ ಮುಂದೆ ಗೌಣ.

ಯಾವ ಆಯಿಲ್ ಹಾಕುತ್ತಾರೆ ಎಂಬುದರಿಂದಲೇ ಶುರು ಮಾಡೋಣ. ಎಂಜಿನ್‌ಗೆ ಬೇಕಾದ ಆಯಿಲ್ಲನ್ನು ಕಾರಿನ ಕೈಪಿಡಿ ಎರಡು ರೀತಿಯಲ್ಲಿ ಹೇಳುತ್ತದೆ. ಒಂದು ಸ್ನಿಗ್ಧತೆಯ ದರ್ಜೆ, ಅಂದರೆ 0ಡಬ್ಲ್ಯೂ-20, 5ಡಬ್ಲ್ಯೂ-30 ಎಂಬಂಥ ಅಂಕಿಗಳು. ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು ಎಂಜಿನ್ ಬಿಸಿಯಾದಾಗ, ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದು ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂಬುದಕ್ಕೆ. ಇನ್ನೊಂದು ಗುಣಮಟ್ಟದ ಮಾನದಂಡ, ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎಪಿಐ ಎಸ್‌ಪಿ, ಯುರೋಪಿನ ವಾಹನ ತಯಾರಕರ ಸಂಘದ ಎಸಿಇಎ ಸಿ3 ಎಂಬಂಥವು ಅಥವಾ ಕಾರು ತಯಾರಕರದೇ ಅನುಮೋದನೆಯ ಸಂಖ್ಯೆ. ಬಹುತೇಕರು ಮೊದಲನೆಯದನ್ನಷ್ಟೇ ನೋಡುತ್ತಾರೆ. ಆದರೆ ಒಂದೇ 5ಡಬ್ಲ್ಯೂ-30 ಎಂದು ಬರೆದ ಎರಡು ಡಬ್ಬಗಳ ಒಳಗಿನ ರಾಸಾಯನಿಕಗಳು ಬೇರೆ ಬೇರೆ ಇರಬಹುದು. 2020ರಿಂದ ಬಂದಿರುವ ಎಪಿಐ ಎಸ್‌ಪಿ ಮಾನದಂಡವು ಟರ್ಬೊ ಇರುವ ನೇರ ಇಂಧನ ಚಿಮ್ಮಿಕೆಯ ಪೆಟ್ರೋಲ್ ಎಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಉಂಟಾಗುವ ಅಕಾಲಿಕ ಉರಿಯುವಿಕೆ ಮತ್ತು ಟೈಮಿಂಗ್ ಚೈನಿನ ಸವೆತ ಎರಡನ್ನೂ ಗಮನದಲ್ಲಿಟ್ಟುಕೊಂಡು ರೂಪಿಸಿದ್ದು. ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್ ಇರುವ ಡೀಸೆಲ್ ಕಾರಿಗೆ ಕಡಿಮೆ ಬೂದಿಯ ಆಯಿಲ್ಲೇ ಬೇಕು, ಏಕೆಂದರೆ ಮಸಿ ಸುಟ್ಟುಹೋದರೂ ಆಯಿಲ್ಲಿನ ಲೋಹಾಂಶದಿಂದ ಬರುವ ಬೂದಿ ಸುಡುವುದಿಲ್ಲ, ಡಿಪಿಎಫ್‌ನಲ್ಲೇ ಕೂತು ನಿಧಾನವಾಗಿ ಅದನ್ನು ಮುಚ್ಚಿಬಿಡುತ್ತದೆ. ಟೈಮಿಂಗ್ ಬೆಲ್ಟ್ ಆಯಿಲ್ಲಿನಲ್ಲೇ ಮುಳುಗಿ ಓಡುವ ಕೆಲವು ಚಿಕ್ಕ ಎಂಜಿನ್‌ಗಳಿಗಂತೂ ಹೇಳಿದ ಆಯಿಲ್ ಬಿಟ್ಟು ಬೇರೆಯದು ಹಾಕಿದರೆ ಬೆಲ್ಟ್ ಮೆದುವಾಗಿ ಅದರ ಚೂರುಗಳು ಆಯಿಲ್ ಪಂಪಿನ ಜರಡಿಯನ್ನು ಮುಚ್ಚುವ ಅಪಾಯವಿದೆ.

ಅಧಿಕೃತ ಸೆಂಟರ್ ಈ ವಿಷಯದಲ್ಲಿ ನನಗೆ ಒಮ್ಮೆಯೂ ನಿರಾಸೆ ತಂದಿಲ್ಲ. ಕಾರಿನ ಚಾಸಿ ಸಂಖ್ಯೆ ಹಾಕಿದರೆ ಅವರ ಕಂಪ್ಯೂಟರ್ ಸರಿಯಾದ ಆಯಿಲ್, ಫಿಲ್ಟರ್, ವಾಷರ್ ಎಲ್ಲವನ್ನೂ ತೋರಿಸುತ್ತದೆ. ಆದರೆ ಅಲ್ಲಿ ಆಯಿಲ್ ಸಾಮಾನ್ಯವಾಗಿ ಬರುವುದು ಬ್ಯಾರಲ್‌ನಿಂದ, ಹಾಗಾಗಿ ಬ್ಯಾರಲ್ ಮೇಲಿನ ಚೀಟಿಯನ್ನು ತೋರಿಸಿ ಎಂದು ಕೇಳುವುದು ನನ್ನ ರೂಢಿ. ಕೇಳಿದಾಗ ಬೇಸರಿಸದೆ ತೋರಿಸಿದ್ದಾರೆ. ತ್ವರಿತ ಕೇಂದ್ರದಲ್ಲಿ ಕೌಂಟರಿನವರು ಕೇಳುವ ಮೊದಲ ಪ್ರಶ್ನೆ ‘ಸಾಧಾರಣವೋ, ಸೆಮಿ ಸಿಂಥೆಟಿಕ್ಕೋ, ಫುಲ್ ಸಿಂಥೆಟಿಕ್ಕೋ’ ಎಂಬುದು. ನನ್ನ ದೃಷ್ಟಿಯಲ್ಲಿ ಇದು ಗ್ರಾಹಕನನ್ನು ಕೇಳಬೇಕಾದ ಪ್ರಶ್ನೆಯೇ ಅಲ್ಲ. ಯಾವ ಮಾನದಂಡ ಬೇಕೆಂದು ಮೊದಲು ನಿಶ್ಚಯವಾಗಬೇಕು. ಸಿಂಥೆಟಿಕ್ ಹೌದೋ ಅಲ್ಲವೋ ಎಂಬುದು ಹೆಚ್ಚಿನ ಸಲ ಅದರಿಂದಲೇ ತೀರ್ಮಾನವಾಗುತ್ತದೆ. ನಾನೀಗ ಹೋಗುವ ಗ್ಯಾರೇಜಿನ ಮೆಕ್ಯಾನಿಕ್ ಮೊದಲ ಭೇಟಿಯಲ್ಲೇ ‘ಡ್ಯಾಶ್‌ಬೋರ್ಡಿನಲ್ಲಿ ಬುಕ್ ಇದೆಯಾ ಸರ್, ಒಂದ್ಸಲ ಕೊಡಿ’ ಎಂದು ಕೈಪಿಡಿ ತೆಗೆಸಿ, ಆ ಪುಟದ ಫೋಟೊ ಹಿಡಿದುಕೊಂಡ ಮೇಲೆಯೇ ಆಯಿಲ್ ತರಿಸಿದರು. ಅವರ ಮೇಲೆ ನಂಬಿಕೆ ಹುಟ್ಟಿದ್ದು ಅಲ್ಲಿಂದ.

ಇನ್ನು ಕೈಕೆಲಸ. ಹಳೆಯ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಪ್ಲಗ್ ಎಂಬುದು ಸಂಪಿನ, ಅಂದರೆ ಎಂಜಿನ್ನಿನ ಕೆಳಗೆ ಆಯಿಲ್ ನಿಲ್ಲುವ ಪಾತ್ರೆಯ, ತಳದಲ್ಲಿರುವ ಒಂದು ಬೋಲ್ಟ್, ಅಷ್ಟೇ. ಆದರೆ ಒಂದು ಗ್ಯಾರೇಜಿನ ಯೋಗ್ಯತೆ ನನಗೆ ಕಾಣುವುದು ಅದನ್ನು ಮತ್ತೆ ಹಾಕುವ ಕ್ಷಣದಲ್ಲಿ. ಈ ಮೆಕ್ಯಾನಿಕ್ ಹಳೆಯ ವಾಷರನ್ನು ಬಿಡಿಸಿ ಹೊಸದನ್ನು ಕೂಡಿಸುತ್ತಾರೆ, ಪ್ಲಗ್ಗಿನ ಮರೆಗಳನ್ನು, ಅಂದರೆ ತಿರುಪಿನ ಸುತ್ತುಗೆರೆಗಳನ್ನು, ಬಟ್ಟೆಯಿಂದ ಒರೆಸುತ್ತಾರೆ, ಆಮೇಲೆ ಬೆರಳಿನಿಂದಲೇ ಕೊನೆಯ ತನಕ ತಿರುಗಿಸುತ್ತಾರೆ. ಬೆರಳಿಗೆ ಬಿಗಿ ಬಂದರೆ ಅಲ್ಲೇ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಮೊದಲಿನಿಂದ. ಪ್ಲಗ್ ಪೂರ್ತಿ ಕೂತ ಮೇಲಷ್ಟೇ, ಗೊತ್ತುಮಾಡಿದ ಬಿಗಿ ಬಂದಾಗ ಸದ್ದು ಮಾಡುವ ಟಾರ್ಕ್ ರೆಂಚ್ ಹಿಡಿದು, ಅದು ‘ಟಕ್’ ಎಂದ ತಕ್ಷಣ ಕೈ ತೆಗೆಯುತ್ತಾರೆ. ಇಂದಿನ ಅನೇಕ ಕಾರುಗಳ ಸಂಪ್ ಅಲ್ಯೂಮಿನಿಯಮ್ಮಿನದು, ಪ್ಲಗ್ ಉಕ್ಕಿನದು. ಗಾಳಿಯ ಗನ್ ಹಚ್ಚಿ ಒಂದೇ ಉಸಿರಿಗೆ ಬಿಗಿದರೆ ಸೋಲುವುದು ಸಂಪಿನ ಮರೆಗಳೇ. ಇದರ ಕೆಟ್ಟ ಅಂಶವೆಂದರೆ, ಗನ್ನಿನಿಂದ ಕೆಟ್ಟ ಮರೆಗಳು ಆ ದಿನ ಹೇಗೋ ಹಿಡಿದುಕೊಂಡಿರುತ್ತವೆ ಮತ್ತು ಮುಂದಿನ ಸಲ ಬೇರೆಯವರು ಬಿಚ್ಚುವಾಗ ಕಿತ್ತು ಬರುತ್ತವೆ. ದೂರು ಬೀಳುವುದು ಏನೂ ಮಾಡದ ಆ ಎರಡನೆಯವರ ಮೇಲೆ.

ಫಿಲ್ಟರ್ ವಿಷಯದಲ್ಲಿಯೂ ಇಷ್ಟೇ ನಿಗಾ ಬೇಕು. ತಿರುಗಿಸಿ ಕೂಡಿಸುವ ಡಬ್ಬಿಯ ಫಿಲ್ಟರ್ ಆದರೆ, ಹಳೆಯದನ್ನು ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಒಮ್ಮೊಮ್ಮೆ ಎಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ. ಅದನ್ನು ನೋಡದೆ ಹೊಸ ಫಿಲ್ಟರ್ ಹಾಕಿದರೆ ಎರಡು ರಿಂಗ್‌ಗಳು ಒಂದರ ಮೇಲೊಂದು ಕೂತು, ಒತ್ತಡ ಏರಿದಾಗ ಜಾರಿ, ಕೆಲವೇ ನಿಮಿಷಗಳಲ್ಲಿ ಎಂಜಿನ್ನಿನ ಆಯಿಲ್ಲೆಲ್ಲ ರಸ್ತೆಯ ಪಾಲಾಗುತ್ತದೆ. ಹಳೆಯ ಫಿಲ್ಟರನ್ನು ತಿರುಗಿಸಿ ಅದರಲ್ಲಿ ರಿಂಗ್ ಇದೆಯೇ ಎಂದು ನೋಡುವುದು, ಹೊಸ ರಿಂಗಿಗೆ ಒಂದು ಹನಿ ಹೊಸ ಆಯಿಲ್ ಸವರುವುದು, ಕೈಯಿಂದ ತಾಗಿಸಿದ ಮೇಲೆ ಫಿಲ್ಟರಿನ ಮೇಲೆ ಬರೆದಷ್ಟು ಮಾತ್ರ ತಿರುಗಿಸುವುದು: ಇವು ಕೆಲವೇ ಸೆಕೆಂಡುಗಳ ಕೆಲಸಗಳು, ಆದರೆ ಅವಸರದ ಜಾಗದಲ್ಲಿ ಮೊದಲು ಬಿಟ್ಟುಹೋಗುವುದು ಇವೇ. ಕಾಗದದ ಎಲಿಮೆಂಟ್ ಮಾತ್ರ ಬದಲಾಯಿಸುವ ಕಾರುಗಳಲ್ಲಿ ಪ್ಲಾಸ್ಟಿಕ್ ಮುಚ್ಚಳದ ರಬ್ಬರ್ ರಿಂಗನ್ನೂ ಜೊತೆಗೇ ಬದಲಾಯಿಸಬೇಕು.

ತ್ವರಿತ ಕೇಂದ್ರದ ಬಗ್ಗೆ ನನಗಿರುವ ಅಸಮಾಧಾನಕ್ಕೆ ಒಂದು ಸಲದ ಅನುಭವ ಕಾರಣ. ಅಲ್ಲಿ ಆಯಿಲ್ಲನ್ನು ಮೀಟರ್ ಇರುವ ಗನ್ನಿನಿಂದ ತುಂಬುತ್ತಾರೆ, ಮೀಟರಿಗೆ ಅಂಕಿ ಕೊಡುವುದು ಕಂಪ್ಯೂಟರಿನ ಪಟ್ಟಿ ನೋಡಿ. ನನ್ನ ಡೀಸೆಲ್ ಕಾರನ್ನು ಕೆಲಸ ಮುಗಿಯಿತೆಂದು ಹೊರಗೆ ತಂದು ನಿಲ್ಲಿಸಿ ಬೀಗದ ಕೈ ಕೊಟ್ಟರು. ಸಮತಟ್ಟಾದ ಜಾಗದಲ್ಲಿ ಎಂಜಿನ್ ಆರಿಸಿ, ಆಯಿಲ್ ಕೆಳಗಿಳಿಯಲು ಸಮಯ ಕೊಟ್ಟು ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ಅಳೆಯುವ ಕಡ್ಡಿ, ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆಯನ್ನು ದಾಟಿ ಬೆರಳಗಲ ಮೇಲಿತ್ತು. ಹೆಚ್ಚಿದ್ದರೆ ನಷ್ಟವೇನು ಎಂದು ಕೆಲವರಿಗೆ ಅನ್ನಿಸಬಹುದು. ಆಯಿಲ್ ಮಟ್ಟ ತೀರಾ ಏರಿದರೆ ಎಂಜಿನ್ನಿನ ಕೆಳಭಾಗದಲ್ಲಿ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ಗಾಳಿ ಬೆರೆತ ಆಯಿಲ್ ಬೇರಿಂಗುಗಳ ನಡುವೆ ನಿಲ್ಲಬೇಕಾದ ಪದರವನ್ನು ಉಳಿಸಿಕೊಳ್ಳುವುದಿಲ್ಲ, ಹಾಗೂ ಹೆಚ್ಚಿನ ಆಯಿಲ್ ಎಂಜಿನ್ನಿನ ಒಳಗಿನ ಆವಿಯನ್ನು ಹೊರಬಿಡುವ ಬ್ರೀದರ್ ಕೊಳವೆಯ ಮೂಲಕ, ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೆ ಸೇರುತ್ತದೆ. ಕೇಂದ್ರದವರು ವಾದ ಮಾಡಲಿಲ್ಲ, ಡಿಪ್‌ಸ್ಟಿಕ್ಕಿನ ಕೊಳವೆಯಿಂದಲೇ ಹೆಚ್ಚಿನದನ್ನು ಹೀರಿ ತೆಗೆದುಕೊಟ್ಟರು, ಆ ಸೌಜನ್ಯವನ್ನು ಒಪ್ಪುತ್ತೇನೆ. ಆದರೆ ಬೀಗದ ಕೈ ನನ್ನ ಕೈಗೆ ಬರುವ ಮೊದಲು ಅಲ್ಲಿದ್ದ ಯಾರೊಬ್ಬರೂ ಡಿಪ್‌ಸ್ಟಿಕ್ ಮುಟ್ಟಿರಲಿಲ್ಲ. ಮೀಟರನ್ನು ನಂಬಿ ಎಂಜಿನ್ನನ್ನು ನೋಡದಿರುವ ಈ ಪದ್ಧತಿಯೇ ನನಗೆ ಒಪ್ಪಿಗೆಯಾಗದ್ದು. ಹಳೆಯ ಆಯಿಲ್ ಪೂರ್ತಿ ಇಳಿಯಲು ಬಿಡದೆ, ಧಾರೆ ಸಣ್ಣದಾದ ಕೂಡಲೇ ಪ್ಲಗ್ ಹಾಕಿ, ಪಟ್ಟಿಯಲ್ಲಿರುವಷ್ಟು ತುಂಬಿದರೆ ಮಟ್ಟ ಏರಲೇಬೇಕು.

ಅಧಿಕೃತ ಸೆಂಟರಿನಲ್ಲಿ ಇಂಥ ಗಡಿಬಿಡಿ ಕಡಿಮೆ, ಅಲ್ಲಿನ ತೊಡಕು ಬೇರೆ. ಕಾರು ಒಳಗೆ ಹೋದ ಮೇಲೆ ನಮ್ಮ ಮಾತು ಅಡ್ವೈಸರ್ ಜೊತೆ ಮಾತ್ರ; ಪ್ಲಗ್ ಬಿಗಿದವರು ಯಾರು ಎಂಬುದು ಮಾಡಬೇಕಾದ ಕೆಲಸಗಳನ್ನು ಬರೆಯುವ ಜಾಬ್ ಕಾರ್ಡಿನ ಆಚೆಗೆ ಉಳಿಯುತ್ತದೆ. ಒಮ್ಮೆ ಎಂಜಿನ್ನಿನ ಕೆಳಗಿನ ಪ್ಲಾಸ್ಟಿಕ್ ಕವರಿನ ಎರಡು ಕ್ಲಿಪ್‌ಗಳಿಲ್ಲದೆ ಕಾರು ವಾಪಸು ಬಂತು, ಹೆದ್ದಾರಿಯಲ್ಲಿ ಅದು ಬಡಿದುಕೊಳ್ಳತೊಡಗಿದಾಗಲೇ ತಿಳಿದದ್ದು. ಇನ್ನೊಂದು, ಕೇಳದಿದ್ದರೂ ಜಾಬ್ ಕಾರ್ಡಿನಲ್ಲಿ ಸೇರಿಕೊಳ್ಳುವ ಎಂಜಿನ್ ಫ್ಲಶ್ (ಎಂಜಿನ್ನಿನ ಒಳಭಾಗ ತೊಳೆಯುವುದು), ಆಯಿಲ್ ಅಡಿಟಿವ್ (ಆಯಿಲ್ಲಿಗೆ ಬೆರೆಸುವ ದ್ರವ) ಇತ್ಯಾದಿ ಸಾಲುಗಳು. ಕೈಪಿಡಿ ಅವನ್ನು ಕೇಳುವುದಿಲ್ಲ, ಅನೇಕ ಕೈಪಿಡಿಗಳು ಆಯಿಲ್ಲಿಗೆ ಏನನ್ನೂ ಬೆರೆಸಬೇಡಿ ಎಂದೇ ಹೇಳುತ್ತವೆ. ಸಹಿ ಹಾಕುವ ಮೊದಲು ಆ ಸಾಲುಗಳನ್ನು ಹೊಡೆದುಹಾಕಿಸುತ್ತೇನೆ. ಇಷ್ಟಾದರೂ ಅಧಿಕೃತ ಸೆಂಟರಿನ ಪರವಾಗಿ ಎರಡು ಗಟ್ಟಿ ಮಾತುಗಳಿವೆ: ಸರ್ವೀಸಿನ ದಾಖಲೆ ತಯಾರಕರಲ್ಲೇ ಉಳಿಯುತ್ತದೆ, ವಾರಂಟಿಯ ಕೋರಿಕೆ ಬಂದಾಗ ಅದು ನೆರವಿಗೆ ಬರುತ್ತದೆ, ಮತ್ತು ಆ ಮಾದರಿಗೆ ಬಂದಿರುವ ಸಾಫ್ಟ್‌ವೇರ್ ತಿದ್ದುಪಡಿ, ಹಿಂಪಡೆತದ ಸೂಚನೆಗಳು ಅದೇ ಭೇಟಿಯಲ್ಲಿ ಮುಗಿಯುತ್ತವೆ.

ಯಾವಾಗ ಬದಲಾಯಿಸಬೇಕು ಎಂಬುದರಲ್ಲಿ ಮೂರೂ ಕಡೆಯವರ ಮಾತಿಗಿಂತ ಕೈಪಿಡಿಯ ಮಾತು ಮೇಲು. ಕಿಲೋಮೀಟರ್ ಅಥವಾ ತಿಂಗಳು, ಯಾವುದು ಮೊದಲೋ ಅದು. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆರಿಸುವಂಥ ಚಿಕ್ಕ ಓಡಾಟ, ದೂಳಿನ ರಸ್ತೆ, ಭಾರ ಎಳೆಯುವುದು ಇವಿದ್ದರೆ ಇನ್ನೂ ಬೇಗ, ಏಕೆಂದರೆ ಬಿಸಿಯಾಗದ ಎಂಜಿನ್ನಿನಲ್ಲಿ ಇಂಧನ ಮತ್ತು ನೀರಿನಂಶ ಆಯಿಲ್ಲಿನಲ್ಲೇ ಉಳಿದುಬಿಡುತ್ತವೆ. ಡಿಪ್‌ಸ್ಟಿಕ್ಕನ್ನು ಬಿಳಿ ಬಟ್ಟೆಗೆ ಒರೆಸಿ ‘ನೋಡಿ, ಎಷ್ಟು ಕಪ್ಪಾಗಿದೆ’ ಎಂದು ತೋರಿಸುವ ಜಾಗಗಳ ಬಗ್ಗೆ ಎಚ್ಚರ ಇರಲಿ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಸ್ವಲ್ಪ ಓಡಿದ ಕೂಡಲೇ ಕಪ್ಪಾಗುತ್ತದೆ. ಮಸಿಯನ್ನು ತಳಕ್ಕೆ ಕೂರಲು ಬಿಡದೆ ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದು ಆಯಿಲ್ಲಿನ ಕರ್ತವ್ಯವೇ ಆಗಿದೆ. ಬಣ್ಣ ತೋರಿಸಿ ಹೆದರಿಸುವವರಿಗೆ ಇದು ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ.

ತೆಗೆದ ಆಯಿಲ್ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಜಾಗ ಆರಿಸುವಾಗ ಕೇಳಬೇಕೆಂದು ಕಳಕಳಿಯಿಂದ ಹೇಳುತ್ತೇನೆ. ಬಳಸಿದ ಆಯಿಲ್ಲಿನಲ್ಲಿ ಸವೆದ ಲೋಹದ ಕಣಗಳೂ ಉರಿಯುವಿಕೆಯ ವಿಷಪದಾರ್ಥಗಳೂ ಇರುತ್ತವೆ. ಮಣ್ಣಿಗೆ ಸುರಿದದ್ದು ಅಂತರ್ಜಲವನ್ನು ಮುಟ್ಟುತ್ತದೆ. ಸರಿಯಾಗಿ ಸಂಗ್ರಹಿಸಿದರೆ ಅದೇ ಆಯಿಲ್ಲನ್ನು ಮತ್ತೆ ಶುದ್ಧೀಕರಿಸಿ ಬಳಸಬಹುದು. ಹಿತ್ತಲಿನ ಗುಂಡಿಗೆ ಸುರಿಯುತ್ತಿದ್ದ ಒಂದು ಗ್ಯಾರೇಜನ್ನು, ಕೆಲಸ ಅಚ್ಚುಕಟ್ಟಾಗಿದ್ದರೂ, ನಾನು ಬಿಟ್ಟೆ. ಈಗಿನ ಗ್ಯಾರೇಜಿನಲ್ಲಿ ಮುಚ್ಚಳವಿರುವ ಡ್ರಮ್ಮಿದೆ, ಹಳೆಯ ಫಿಲ್ಟರನ್ನೂ ಅದರ ಮೇಲೆ ಬೋರಲು ಹಾಕಿ ಉಳಿದ ಆಯಿಲ್ ಇಳಿಯಲು ಬಿಡುತ್ತಾರೆ.

ಹೊರಗಿನ ಗ್ಯಾರೇಜಿನ ಕೊರತೆಗಳೂ ಇವೆ. ಮೆಕ್ಯಾನಿಕ್ ಊರಲ್ಲಿಲ್ಲದಿದ್ದರೆ ಕೆಲಸ ಮುಂದಕ್ಕೆ ಹೋಗುತ್ತದೆ. ಡ್ಯಾಶ್‌ಬೋರ್ಡಿನ ಸರ್ವೀಸ್ ಸೂಚನೆಯನ್ನು ಮರುಹೊಂದಿಸುವುದು ನಾವೇ ನೆನಪಿಸದಿದ್ದರೆ ಉಳಿದುಹೋಗುತ್ತದೆ. ದಾಖಲೆಯನ್ನು ನಾವೇ ಇಟ್ಟುಕೊಳ್ಳಬೇಕು: ದಿನಾಂಕ, ಓಡಿದ ಕಿಲೋಮೀಟರ್, ಆಯಿಲ್ಲಿನ ದರ್ಜೆ ಮತ್ತು ಮಾನದಂಡ, ಫಿಲ್ಟರಿನ ಸಂಖ್ಯೆ, ಜೊತೆಗೆ ಬಿಲ್ಲು. ಇದಕ್ಕೆ ಪ್ರತಿಯಾಗಿ, ಸೀಲ್ ಇರುವ ಡಬ್ಬ ನಮ್ಮೆದುರೇ ತೆರೆಯುತ್ತದೆ, ಮಿಕ್ಕ ಆಯಿಲ್ ಡಬ್ಬದ ಸಮೇತ ನಮ್ಮ ಕೈಗೆ ಬರುತ್ತದೆ, ಮತ್ತು ಮುಂದಿನ ಸಲ ಆ ಪ್ಲಗ್ ಬಿಚ್ಚುವುದು ಅದನ್ನು ಬಿಗಿದ ಕೈಯೇ. ಎಂಜಿನ್ನನ್ನು ಒಂದೆರಡು ನಿಮಿಷ ಓಡಿಸಿ, ಆರಿಸಿ, ಪ್ಲಗ್ ಮತ್ತು ಫಿಲ್ಟರಿನ ಸುತ್ತ ಟಾರ್ಚ್ ಬಿಟ್ಟು ನೋಡಿ, ಡಿಪ್‌ಸ್ಟಿಕ್ ನನಗೆ ತೋರಿಸಿದ ಮೇಲೆಯೇ ಅವರು ಬಾನೆಟ್ ಮುಚ್ಚುತ್ತಾರೆ.

ಪಕ್ಕದಲ್ಲಿ ನಿಲ್ಲಲು ಬಿಡುವಿಲ್ಲದವರು, ಅಂಥ ಮೆಕ್ಯಾನಿಕ್ ಇನ್ನೂ ಸಿಗದವರು ವಾರಂಟಿ ಮುಗಿದ ಮೇಲೂ ಅಧಿಕೃತ ಸೆಂಟರಿಗೇ ಹೋಗುವುದು ಲೇಸು. ಜಾಬ್ ಕಾರ್ಡ್ ಬರೆಸುವಾಗಲೇ ಹಳೆಯ ಫಿಲ್ಟರ್ ಮತ್ತು ವಾಷರ್ ವಾಪಸು ಬೇಕೆಂದೂ, ಬಿಲ್ಲಿನಲ್ಲಿ ‘ಎಂಜಿನ್ ಆಯಿಲ್’ ಎಂದಷ್ಟೇ ಇರದೆ ಅದರ ದರ್ಜೆ ಮತ್ತು ಮಾನದಂಡ ಇರಬೇಕೆಂದೂ ಬರೆಸಿ. ಕಾರು ಮನೆಗೆ ಬಂದ ಮರುದಿನ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಕೆಳಗೆ ನೆಲವನ್ನೂ ಮೇಲೆ ಡಿಪ್‌ಸ್ಟಿಕ್ಕನ್ನೂ ನೋಡಿ.