ಹಳೇ ಆಲ್ಟೊಗೆ ಯಾವ ಆಯಿಲ್? ಎಂಟು ವರ್ಷ ಹಾಕಿ ನೋಡಿದ ಮೇಲೆ

ನಂದು 2008ರ ಆಲ್ಟೊ, 796 ಸಿಸಿ, ಪೆಟ್ರೋಲು. 2017ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಾಗ ಮೀಟರು 78 ಸಾವಿರ ತೋರಿಸುತ್ತಿತ್ತು, ಈಗ 1 ಲಕ್ಷ 34 ಸಾವಿರ. ಓಡಾಟ ಹೆಚ್ಚೇನಿಲ್ಲ. ಕಲಬುರಗಿ ಊರೊಳಗೆ ಸೂಪರ್ ಮಾರ್ಕೆಟ್ ತನಕ, ತಿಂಗಳಿಗೆ ಎರಡು ಸಲ ಹುಮನಾಬಾದಿನ ಅತ್ತೆ ಮನೆಗೆ. (ದಾರಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿಗೆ ಗಾಡಿ ನಿಲ್ಲಲೇಬೇಕು, ಅದು ಮನೆಯವರ ಕಾನೂನು.)

ಮೊದಲ ಮೂರು ವರ್ಷ ಸಾದಾ ಮಿನರಲ್ ಆಯಿಲ್ (ಕಚ್ಚಾ ಎಣ್ಣೆಯಿಂದ ಸೋಸಿ ತೆಗೆದದ್ದು), 20ಡಬ್ಲ್ಯೂ-40. ಈ ಅಂಕಿಗಳು ಆಯಿಲಿನ ದಪ್ಪದ ಗ್ರೇಡು: ಡಬ್ಲ್ಯೂ ಇರುವುದು ಚಳಿಯಲ್ಲಿನದು, ಎರಡನೆಯದು ಬಿಸಿಯಲ್ಲಿನದು; ಅಂಕಿ ಕಡಿಮೆಯಾದಷ್ಟೂ ಆಯಿಲ್ ತೆಳು. ತಕರಾರು ಇರಲಿಲ್ಲ. 2020ರಲ್ಲಿ ಬೆಂಗಳೂರಿನ ಸೋದರಳಿಯ ತಲೆ ಕೆಡಿಸಿದ: "ಮಾಮಾ, ಹಳೇ ಇಂಜಿನ್ನಿಗೇ ಸಿಂಥೆಟಿಕ್ ಬೇಕು." ಸುಮಾರು ಎರಡು ಪಟ್ಟು ರೊಕ್ಕ ಕೊಟ್ಟು 5ಡಬ್ಲ್ಯೂ-30 ಫುಲ್ ಸಿಂಥೆಟಿಕ್ (ರಾಸಾಯನಿಕವಾಗಿ ಸಂಸ್ಕರಿಸಿ ತಯಾರಿಸಿದ ಆಯಿಲ್) ಹಾಕಿಸಿದೆ. ಸುಳ್ಳು ಹೇಳಬಾರದು, ಮೊದಲ ತಿಂಗಳು ಖುಷಿಯಾಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟ್ಯಾಪೆಟ್ಟಿನ (ವಾಲ್ವ್ ಒತ್ತುವ ಭಾಗದ) ಸದ್ದು ಬೇಗ ಅಡಗುತ್ತಿತ್ತು, ಇಂಜಿನ್ ಹಗುರಾಗಿ ತಿರುಗುತ್ತಿತ್ತು.

ಆಮೇಲೆ ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಕಪ್ಪು ಹನಿ. ಮೊದಲು ರೂಪಾಯಿ ಅಗಲ, ಆಮೇಲೆ ಅಂಗೈ ಅಗಲ. ಆ ಕಲೆ ಇಂದಿಗೂ ಹೋಗಿಲ್ಲ. ಬೆಳಿಗ್ಗೆ ಸೈಲೆನ್ಸರಿನಿಂದ ಒಂದು ಬುಸ್ ನೀಲಿ ಹೊಗೆ. 2500 ಕಿ.ಮೀ. ಓಡುವಷ್ಟರಲ್ಲಿ ಮುಕ್ಕಾಲು ಲೀಟರ್ ಟಾಪ್ ಅಪ್ ಮಾಡಿದೆ. ಡಬ್ಬಿಯನ್ನೇ ಶಪಿಸುತ್ತ ಗ್ಯಾರೇಜಿಗೆ ಹೋದರೆ ಮಿಸ್ತ್ರಿ ಕೆಳಗೆ ತೂರಿ ನೋಡಿ ಅಂದರು: "ಆಯಿಲಿಗೆ ಬೈಬ್ಯಾಡ್ರಿ ಸರ್. ಸೀಲ್ ಬಿರುಸಾಗ್ಯಾವ. ದಪ್ಪಂದು ಇದ್ದಾಗ ಹ್ಯಾಂಗೋ ನಡದಿತ್ತು, ತೆಳ್ಳಂದು ಹಾಕೀರಿ, ಅದಕ್ಕ ಹಾದಿ ಸಿಕ್ತು."

(ಸೀಲ್ ಅಂದರೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ.) ಮತ್ತೆ 20ಡಬ್ಲ್ಯೂ-40ಕ್ಕೆ ಬಂದೆ. ಸೋರಿಕೆ ಕಡಿಮೆಯಾಯಿತು, ನಿಲ್ಲಲಿಲ್ಲ. 2022ರಲ್ಲಿ ವಾಲ್ವ್ ಸೀಲು, ಟ್ಯಾಪೆಟ್ ಕವರ್ ಪ್ಯಾಕಿಂಗು ಎರಡೂ ಬದಲಾಯಿಸಿದ ಮೇಲೆ ಹಟಕ್ಕೆ ಬಿದ್ದು ಇನ್ನೊಂದು ಸಲ ಅದೇ ಸಿಂಥೆಟಿಕ್ ಹಾಕಿಸಿದೆ. ಒಂದು ವರ್ಷ, ಒಂದು ಹನಿ ಇಲ್ಲ, ಹೊಗೆ ಇಲ್ಲ. ಮಿಸ್ತ್ರಿ ಹೇಳಿದ್ದೇ ಖರೆ ಆಯಿತು.

ಹಾಗಿದ್ದರೂ ಈಗ ಹಾಕುತ್ತಿರುವುದು ಮಿನರಲ್ಲೇ. ಸಿಂಥೆಟಿಕ್ ಬಿಸಿಗೆ ಬೇಗ ಕೆಡುವುದಿಲ್ಲ, ಆವಿಯಾಗುವುದು ಕಡಿಮೆ, ಹೆಚ್ಚು ದಿನ ಬಾಳುತ್ತದೆ. ಅದಕ್ಕೇ ಆ ಬೆಲೆ. ನನ್ನದು ವರ್ಷಕ್ಕೆ ಆರೇಳು ಸಾವಿರ ಕಿ.ಮೀ., ಅದರಲ್ಲೂ ಅರ್ಧ ಇಂಜಿನ್ ಪೂರ್ತಿ ಕಾಯುವ ಮೊದಲೇ ಮುಗಿಯುವ ಓಟ. ಇಂಥ ಓಟದಲ್ಲಿ ನೀರಿನ ಪಸೆ, ಪೆಟ್ರೋಲು ಆಯಿಲಿಗೆ ಸೇರುತ್ತವೆ, ಯಾವುದೇ ಆಯಿಲಾದರೂ ವರ್ಷಕ್ಕೊಮ್ಮೆ ಚೆಲ್ಲಲೇಬೇಕು. ಎರಡು ವರ್ಷ ಬಾಳುವ ಮಾಲು ತಂದು ಒಂದೇ ವರ್ಷಕ್ಕೆ ಚೆಲ್ಲುವಷ್ಟು ನನ್ನ ಸಂಬಳ ದೊಡ್ಡದಲ್ಲ. ಇನ್ನು 5ಡಬ್ಲ್ಯೂ ಅನ್ನುವುದರ ಪೂರ್ತಿ ಲಾಭ ಮೈನಸ್ ಚಳಿಯ ಊರಿನವರಿಗೆ. 20ಡಬ್ಲ್ಯೂ ಆಯಿಲನ್ನು ಮೈನಸ್ 15 ಡಿಗ್ರಿಯಲ್ಲಿ ಇಂಜಿನ್ ತಿರುಗುತ್ತದೋ ಇಲ್ಲವೋ ಎಂದು ಪರೀಕ್ಷಿಸಿರುತ್ತಾರೆ. ನಮ್ಮ ಡಿಸೆಂಬರ್ ಅದರ ಹತ್ತಿರಕ್ಕೂ ಹೋಗುವುದಿಲ್ಲ. "ಇಲ್ಲಿ 43 ಡಿಗ್ರಿ ಬಿಸಿಲು, ಸಿಂಥೆಟಿಕ್ ಇಲ್ಲದಿದ್ದರೆ ಇಂಜಿನ್ ಹೋಗ್ತದ" ಎಂದು ಹೆದರಿಸುವವರೂ ಇದ್ದಾರೆ. ಬಿಸಿಯಾದ ಇಂಜಿನ್ನಿನೊಳಗೆ ಆಯಿಲು ಎಲ್ಲ ಊರಲ್ಲೂ ನೂರು ಡಿಗ್ರಿಯ ಆಸುಪಾಸೇ. ಎರಡನೇ ಅಂಕಿ, ಆ 40, ಅಳೆಯುವುದೂ ನೂರು ಡಿಗ್ರಿಯಲ್ಲೇ. ಕೂಲೆಂಟ್ ಮತ್ತು ಫ್ಯಾನ್ ಸರಿ ಇದೆಯಾ ನೋಡಿಕೊಳ್ಳಿ ಸಾಕು.

ದಿನಾ ಹೈದರಾಬಾದು, ಸೊಲ್ಲಾಪುರ ಅಂತ ಓಡಿಸುವವರಾದರೆ, ಸೀಲುಗಳು ಗಟ್ಟಿ ಇದ್ದರೆ, ಸಿಂಥೆಟಿಕ್ ಹಾಕಿ; ನಾನೂ ಹಾಕುತ್ತಿದ್ದೆ. ಆದರೆ ಗ್ರೇಡನ್ನು ಗಾಡಿಯ ಪುಸ್ತಕ ನೋಡಿ ಆರಿಸಿ, ಅಳಿಯನನ್ನು ಕೇಳಿ ಅಲ್ಲ.

ಒಂದು ಮಾತು ಬಿಟ್ಟಿದ್ದೆ. ಖಾಲಿ ಡಬ್ಬಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ, ನಕಲಿ ಆಯಿಲ್ ತುಂಬಿ ಮಾರುವವರಿಗೆ ಬೇಕಾಗಿರುವುದೇ ಅದು. ನಾನು ಅಲ್ಲೇ ಸ್ಕ್ರೂ ಡ್ರೈವರಿನಿಂದ ನಾಲ್ಕು ತೂತು ಹೊಡೆದೇ ಬಿಡುತ್ತೇನೆ. ಮಿಸ್ತ್ರಿ ಈಗ ನಾನು ಕೇಳುವ ಮೊದಲೇ ಸ್ಕ್ರೂ ಡ್ರೈವರ್ ಕೈಗೆ ಕೊಡುತ್ತಾರೆ.