ಮೆಥಿಯೊನಿನ್ ಮೂಟೆ ತಗೊಳ್ಳೋ ಮುಂಚೆ ಇದನ್ನ ಓದಿ

ಡಿಎಲ್-ಮೆಥಿಯೊನಿನ್ (ಕೋಳಿ ಫೀಡಿಗೆ ಬೆರೆಸೋ ಅಮೈನೋ ಆಸಿಡ್, ಅಂದ್ರೆ ಪ್ರೋಟೀನಿನ ಒಂದು ತುಣುಕು) ಅಂತ ತಂದ 25 ಕೆಜಿ ಮೂಟೆಯಲ್ಲಿ ಮೆಥಿಯೊನಿನ್ನೇ ಇರಲಿಲ್ಲ. ಪೂರ್ತಿ ಓದೋಕೆ ಪುರುಸೊತ್ತಿಲ್ಲದವರು ಇಷ್ಟು ತಿಳ್ಕೊಂಡ್ರೂ ಸಾಕು.

ಮೊಟ್ಟೆ ಕೋಳಿಗೆ ಫೀಡ್ ನಾನೇ ಕಲಸ್ಕೊಳ್ಳೋದು. ಮೆಕ್ಕೆಜೋಳ-ಸೋಯಾ ಫೀಡಲ್ಲಿ ಮೊದಲು ಕಮ್ಮಿ ಬೀಳೋದೇ ಮೆಥಿಯೊನಿನ್, ಟನ್ನಿಗೆ ಒಂದೂವರೆ ಕೆಜಿ ಹಾಕ್ತೀನಿ. ಹಳೇ ಸಪ್ಲೈಯರ್ ಹತ್ರ ಸ್ಟಾಕ್ ಇರಲಿಲ್ಲ. ಹೊಸಬನೊಬ್ಬ "99 ಪರ್ಸೆಂಟ್, ಸೀಲ್ ಪ್ಯಾಕ್, ಲ್ಯಾಬ್ ರಿಪೋರ್ಟ್ ಸಮೇತ ಕೊಡ್ತೀನಿ" ಅಂದ. ರೇಟೂ ಕಮ್ಮಿ. ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಮೆಥಿಯೊನಿನ್ ಮೂಟೆ ಬಿಚ್ಚಿದ್ರೆ ಗಂಧಕದ ನಾತ ಮೂಗಿಗೆ ಹೊಡೆಯುತ್ತಲ್ಲ, ಅದು ಇರಲಿಲ್ಲ. ಫೋನ್ ಮಾಡಿ ಕೇಳಿದೆ. "ಇದು ಹೈ ಪ್ಯೂರಿಟಿ ಮಾಲು ಸಾರ್, ವಾಸನೆ ತೆಗೆದಿರ್ತಾರೆ." ನಾನು ಹೂಂ ಅಂದೆ! ಹತ್ತು ಜನಕ್ಕೆ ಫೀಡ್ ಫಾರ್ಮುಲಾ ಬರೆದುಕೊಡೋ ನಾನು ಹೂಂ ಅಂದೆ.

ಮೂರು ವಾರಕ್ಕೆ ಮೊಟ್ಟೆ ಸಣ್ಣ ಆಯ್ತು. ಒಂದರ ಪುಕ್ಕ ಇನ್ನೊಂದು ಕಿತ್ತು ತಿನ್ನೋಕೆ ಶುರು ಮಾಡ್ತು, ಕೆಲವು ಕೋಳಿಗಳ ಬೆನ್ನು ಬೋಳು. ಅವನಿಗೆ ಹೇಳಿದ್ರೆ "ಲೈಟ್ ಜಾಸ್ತಿ ಬಿಟ್ಟಿದ್ದೀರಾ", ಆಮೇಲೆ "ನಿಮ್ಮ ಜೋಳದಲ್ಲಿ ಬೂಷ್ಟು ಇರಬೇಕು", ಆಮೇಲೆ "ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ, ನೀವೊಬ್ಬರೇ". ಒಂದು ದಿನ ಇಡೀ ನಾನು ಜೋಳದ ಚೀಲ ಬಿಚ್ಚಿ ಬಿಚ್ಚಿ ನೋಡಿದ್ದೇನೆ, ದೇವರಾಣೆ.

ಕೊನೆಗೆ ಒಂದು ಚಮಚ ಪುಡಿ ತಗಡಿನ ಮೇಲೆ ಸುಟ್ಟೆ. ಮೆಥಿಯೊನಿನ್ ಆಗಿದ್ರೆ ಗಬ್ಬು ಹೊಗೆ ಬಂದು ಹೆಚ್ಚುಕಮ್ಮಿ ಏನೂ ಉಳಿಯಬಾರದು. ಇದು ಸ್ವಲ್ಪ ಕರಗಿ, ಉಳಿದದ್ದು ಬೆಳ್ಳಗೆ ಹಾಗೇ ಕೂತಿತ್ತು. ಇನ್ನೊಂದು ಚಮಚಕ್ಕೆ ವಿನಿಗರ್ ಹಾಕಿದೆ, ಬುಸ್ ಅಂತ ನೊರೆ. ಸುಣ್ಣಕಲ್ಲು! ಹಸಿ ಸೋಯಾ ಕಾಳು ಅರೆದು ಬೆಚ್ಚಗಿನ ನೀರಲ್ಲಿ ಇದನ್ನ ಕಲಸಿ ಮುಚ್ಚಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ತೆಗೆದ್ರೆ ಕಣ್ಣು ಉರಿಯೋ ಅಮೋನಿಯಾ. ಹಸಿ ಸೋಯಾ ಯೂರಿಯಾನ ಒಡೆದ್ರೆ ಬರೋದು ಅದೇ. ಯೂರಿಯಾ!

ಆಗ ರಿಪೋರ್ಟ್ ತೆಗೆದು ನೋಡಿದೆ. ಅದರಲ್ಲಿ ಇದ್ದದ್ದು ಬರೀ ಕ್ರೂಡ್ ಪ್ರೋಟೀನ್ (ಒಟ್ಟು ಪ್ರೋಟೀನಿನ ಅಂದಾಜು), 57 ಚಿಲ್ಲರೆ ಪರ್ಸೆಂಟ್. ಅಸಲಿ ಮಾಲಿಗೆ 58.6 ಬರಬೇಕು, ಹತ್ತಿರ ಇದೆ ಅಂತ ನಾನು ನಂಬಿದ್ದು ಅದನ್ನೇ. ಆದರೆ ಆ ಟೆಸ್ಟು ಅಳೆಯೋದು ನೈಟ್ರೋಜನ್ ಮಾತ್ರ, ಬಂದ ನಂಬರನ್ನ 6.25ರಿಂದ ಗುಣಿಸ್ತಾರೆ ಅಷ್ಟೇ. ಯೂರಿಯಾದಲ್ಲಿ 46 ಪರ್ಸೆಂಟ್ ನೈಟ್ರೋಜನ್. 20 ಕೆಜಿ ಸುಣ್ಣಕಲ್ಲಿನ ಪುಡಿಗೆ 5 ಕೆಜಿ ಯೂರಿಯಾ ಬೆರೆಸಿ, 57.5 ಬರುತ್ತೆ. ರಿಪೋರ್ಟ್ ಸುಳ್ಳಲ್ಲ. ಅದೇ ನನಗೆ ಹೊಟ್ಟೆ ಉರಿಸಿದ್ದು. ಲೆಕ್ಕ ಹಾಕಿಯೇ ಬೆರೆಸಿದ್ದಾನೆ.

ಅವನಿಗೆ ನೊರೆಯ ವಿಡಿಯೋ ಕಳಿಸಿದೆ. "ಪ್ರೋಟೀನ್ ಬಂದಿದೆಯಲ್ಲ ಸಾರ್, ಇನ್ನೇನು ಬೇಕು?" ಅಂತ ಉತ್ತರ. ದುಡ್ಡು ವಾಪಸ್ ಕೇಳಿದ್ರೆ "ಮೂಟೆ ಬಿಚ್ಚಿದೀರಿ, ರಿಟರ್ನ್ ಆಗಲ್ಲ". ಬಿಚ್ಚದೆ ಹೇಗಪ್ಪಾ ಗೊತ್ತಾಗೋದು?

ರಿಪೋರ್ಟಲ್ಲಿ ಮೆಥಿಯೊನಿನ್ ಇಷ್ಟು ಅಂತ ಬರೆದಿರದಿದ್ರೆ ದುಡ್ಡು ಕೊಡಬೇಡಿ. ಫೀಡಿಗೆ ಹಾಕೋ ಇನ್ನೊಂದು ಅಮೈನೋ ಆಸಿಡ್ ಲೈಸಿನ್‌ಗೂ ಅಷ್ಟೇ, ಪ್ರೋಟೀನ್ ಅಂಕಿ ತೋರಿಸಿದ್ರೆ ಎದ್ದು ಬನ್ನಿ. ಮೂಗು ಬೇಡ ಅಂದ್ರೆ ಮೂಗಿನ ಮಾತು ಕೇಳಿ, ನನ್ನ ಹಾಗೆ ಹೂಂ ಅನ್ನಬೇಡಿ.

ನಿನ್ನೆ ಅವನ ಸ್ಟೇಟಸ್ಸಲ್ಲಿ ಹೊಸ ಲೋಡ್ ಬಂದ ಫೋಟೋ ಇತ್ತು. ಅದೇ ಮೂಟೆ, ಅದೇ 99 ಪರ್ಸೆಂಟ್.