ಮುಲುಂಡ್ ಪೂರ್ವದ ಸೂಪರ್ ಮಾರ್ಕೆಟ್: ಸೊಪ್ಪು ಗೊಬ್ಬರಕ್ಕೆ, ಬ್ರೆಡ್ಡು ಕಸಕ್ಕೆ

ಎಂಟು ತಿಂಗಳಿಂದ ನಮ್ಮ ಮನೆಯ ದಿನಸಿ ಬರುತ್ತಿರುವುದು ಮುಂಬಯಿಯ ಮುಲುಂಡ್ ಪೂರ್ವದ ಈ ಸೂಪರ್ ಮಾರ್ಕೆಟ್ಟಿನಿಂದ. ಅಕ್ಕಿ, ಬೇಳೆ, ಎಣ್ಣೆಯ ಬೆಲೆ ಸುತ್ತಲಿನ ಅಂಗಡಿಗಳಂತೆಯೇ ಇದೆ, ಕುಚ್ಚಲಕ್ಕಿಯೂ ಸಿಗುತ್ತದೆ. ಆದರೆ ನಾನು ಇಲ್ಲಿಗೇ ಹೋಗುವುದಕ್ಕೆ ಕಾರಣ, ಮಾರಾಟವಾಗದೆ ಉಳಿದ ಹಣ್ಣು ತರಕಾರಿಯನ್ನು ಇವರು ಕಸವೆಂದು ಕಾಣದಿರುವುದು.

ರಾತ್ರಿ ಎಂಟೂವರೆಯಾದ ಮೇಲೆ ಬಾಡತೊಡಗಿದ ಸೊಪ್ಪು, ಚುಕ್ಕೆ ಬಿದ್ದ ಬಾಳೆಹಣ್ಣು, ಮರುದಿನ ಅವಧಿ ಮುಗಿಯುವ ಮೊಸರು ಇವುಗಳಿಗೆ ಹಳದಿ ಚೀಟಿ ಅಂಟಿಸಿ ಅರ್ಧ ಬೆಲೆಗೆ ಕೊಡುತ್ತಾರೆ. ಆಮೇಲೂ ಉಳಿದ ಹಸಿ ತರಕಾರಿ ಅಂಗಡಿಯ ಹಿಂದಿರುವ ಎರಡು ಗೊಬ್ಬರದ ಡ್ರಮ್ಮುಗಳಿಗೆ ಹೋಗುತ್ತದೆ. ಒಂದು ರಾತ್ರಿ ಕೇಳಿಕೊಂಡು ಒಳಗೆ ಹೋಗಿ ನೋಡಿದೆ. ಕುಂದಾಪುರದ ಕಡೆಯ ಹುಡುಗನೊಬ್ಬ ನೆಲದಲ್ಲಿ ಕುಳಿತು, ಕೊತ್ತಂಬರಿ ಕಟ್ಟುಗಳ ರಬ್ಬರ್ ಬ್ಯಾಂಡುಗಳನ್ನು ಒಂದೊಂದಾಗಿ ಬಿಚ್ಚಿ, ಸೇಬಿಗಂಟಿದ ಸ್ಟಿಕ್ಕರುಗಳನ್ನು ಉಗುರಿನಿಂದ ಎಬ್ಬಿಸಿ, ಕೊಳೆತ ಟೊಮೆಟೊದ ನೀರು ಹೀರಲೆಂದು ಮರದ ಪುಡಿ ಬೆರೆಸುತ್ತಿದ್ದ. "ಒಂದು ಚೂರು ಪ್ಲಾಸ್ಟಿಕ್ ಸಿಕ್ಕರೂ ಹೌಸಿಂಗ್ ಸೊಸೈಟಿಯವರು ಗೊಬ್ಬರ ವಾಪಸ್ ಕಳಿಸುತ್ತಾರೆ ಅಕ್ಕ" ಎಂದ. ಡ್ರಮ್ಮಿಗಿಂತ ಹೆಚ್ಚಿನ ಕೆಲಸ ಆ ಬೆರಳುಗಳದ್ದು.

ಮುಲುಂಡಿನವರಿಗೆ ಇದರ ಬೆಲೆ ಗೊತ್ತು. ಇಲ್ಲಿನ ಡಂಪಿಂಗ್ ಗ್ರೌಂಡ್ 2018ರಲ್ಲಿ ನಿಲ್ಲುವ ತನಕ ನಾವು ಕಿಟಕಿ ಮುಚ್ಚಿಕೊಂಡೇ ಬದುಕಿದೆವು. 2016ರ ಜನವರಿಯಲ್ಲಿ ದೇವನಾರಿನ ಕಸದ ಗುಡ್ಡಕ್ಕೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆ ಕವಿದಿತ್ತು. ಈಗ ನಗರದ ಬಹುಪಾಲು ಕಸ ಪಕ್ಕದ ಕಾಂಜೂರ್‌ಮಾರ್ಗಕ್ಕೆ ಹೋಗುತ್ತದೆ. ರಾಶಿಯ ಅಡಿಯಲ್ಲಿ ಗಾಳಿಯಾಡದೆ ಕೊಳೆಯುವ ಆಹಾರದಿಂದ ಮೀಥೇನ್ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಅದೇ ಸೊಪ್ಪನ್ನು ಡ್ರಮ್ಮಿನಲ್ಲಿ ಆಗಾಗ ತಿರುವಿ ಗಾಳಿಯಾಡಿಸಿದರೆ ಮೀಥೇನ್ ಬಹಳ ಕಡಿಮೆಯಾಗುತ್ತದೆ.

ನನಗೆ ನೋವಾದದ್ದು ಬ್ರೆಡ್ಡಿನ ವಿಷಯದಲ್ಲಿ. ಬ್ರೆಡ್ಡು, ಬನ್ನು, ಪನೀರುಗಳಿಗೆ ಹಳದಿ ಚೀಟಿಯಿಲ್ಲ. ಅವಧಿ ಮುಗಿದ ಬೆಳಿಗ್ಗೆ ಅವು ಪ್ಲಾಸ್ಟಿಕ್ ಸಮೇತ ಪಾಲಿಕೆಯ ಗಾಡಿಗೆ ಬೀಳುತ್ತವೆ. ಗೊಬ್ಬರಕ್ಕಿಂತ ಮೊದಲು ಆಹಾರ ಮನುಷ್ಯರ ಹೊಟ್ಟೆಗೆ ಸೇರಬೇಕಲ್ಲವೇ? ಉಳಿದ ಆಹಾರವನ್ನು ಹಂಚುವುದು ಹೇಗೆಂದು ನಮ್ಮಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 2019ರ ನಿಯಮಗಳಿವೆ. ಫ್ರಾನ್ಸಿನಲ್ಲಿ 2016ರ ಕಾನೂನು ದೊಡ್ಡ ಸೂಪರ್ ಮಾರ್ಕೆಟ್ಟುಗಳು ಅಂಥ ಆಹಾರವನ್ನು ದಾನ ಸಂಸ್ಥೆಗಳಿಗೆ ಕೊಡುವ ಒಪ್ಪಂದ ಮಾಡಿಕೊಳ್ಳಲೇಬೇಕೆಂದು ವಿಧಿಸಿದೆ. ಒಂದು ದಿನ ಮುಂಚೆ ತೆಗೆದಿಟ್ಟರೆ ಹತ್ತಿರದ ಯಾವುದಾದರೂ ಆಶ್ರಮಕ್ಕೆ ತಲುಪಿಸಬಹುದು ಎಂದು ಮ್ಯಾನೇಜರರಿಗೆ ಹೇಳಿದೆ. ಬರೆದು ಕೊಡಿ, ಮಾಲೀಕರಿಗೆ ಮುಟ್ಟಿಸುತ್ತೇನೆ ಎಂದರು; ಮರುದಿನವೇ ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಕೊಟ್ಟಿದ್ದೇನೆ.

ಹೋಗುವವರು ಒಂದನ್ನು ಗಮನಿಸಿ: ಹಳದಿ ಚೀಟಿಯ ಬೆಲೆ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ತಾನಾಗಿ ಬರುವುದಿಲ್ಲ. ನನಗೆ ಎರಡು ಸಲ ಪೂರ್ತಿ ಬೆಲೆ ಹಾಕಿದ್ದರು, ತೋರಿಸಿದ ಮೇಲೆ ತಿದ್ದಿಕೊಟ್ಟರು. ಒಂಬತ್ತೂವರೆಗೆ ಶಟರ್ ಎಳೆಯುತ್ತಾರೆ. ಮೆಂತ್ಯ ಮತ್ತು ಪಾಲಕ್ ಒಂಬತ್ತರೊಳಗೆ ಖಾಲಿಯಾಗಿರುತ್ತವೆ.